ಮುಪ್ಪಿನಲ್ಲಿ ಬೀಳುವುದೂ ನಡೆಯುವುದೂ

ಮುಪ್ಪು ಬಂದ ಮೇಲೆ ಕಣ್ಣು ಮಂಜಾಗುವುದು, ಕಿವಿ ಮಂದವಾಗುವುದು, ಕಾಲು ತಡವರಿಸುವುದು ಸಹಜವೆಂದು ಎಲ್ಲರೂ ತಿಳಿದಿದ್ದಾರೆ. ಈ ತಿಳಿವಳಿಕೆಯ ಬೆನ್ನಿಗೇ ಇನ್ನೊಂದು ನಂಬಿಕೆಯೂ ಸೇರಿಕೊಂಡಿದೆ. ವಯಸ್ಸಾದವರು ಆಗಾಗ ಬೀಳುವುದೂ ಸಹಜವೇ, ಅದಕ್ಕೆ ಯಾರೇನು ಮಾಡಲಾದೀತು ಎಂಬುದೇ ಆ ನಂಬಿಕೆ. ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವುಂಟು; ಎರಡನೆಯದರಲ್ಲಿ ಅಷ್ಟೂ ಇಲ್ಲ. ಬೀಳುವುದಕ್ಕೆ ಕಾರಣಗಳುಂಟು. ಅವುಗಳಲ್ಲಿ ಹೆಚ್ಚಿನವನ್ನು ಹುಡುಕಿ ತೆಗೆಯಬಹುದು, ತೆಗೆದರೆ ಬೀಳುವುದು ಕಡಿಮೆಯಾಗುತ್ತದೆ. ಇದನ್ನು ತಿಳಿಯದ ಕುಟುಂಬಗಳು ಪ್ರೀತಿಯಿಂದಲೇ ಮಾಡುವ ಒಂದು ಕೆಲಸ ಹಿರಿಯರನ್ನು ಎರಡನೆಯ ಸಲ ಬೀಳಿಸುತ್ತದೆ. ಅದೇನೆಂಬುದನ್ನೂ ಅದರ ಬದಲಿಗೆ ಮಾಡತಕ್ಕದ್ದು ಏನೆಂಬುದನ್ನೂ ಈ ಭಾಷಣದಲ್ಲಿ ವಿವರಿಸುತ್ತೇವೆ.

ವಿಷಯದ ಗಾತ್ರವನ್ನು ಮೊದಲು ತಿಳಿಯೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೬೫ ವರ್ಷ ದಾಟಿದವರಲ್ಲಿ ನೂರಕ್ಕೆ ೨೮ರಿಂದ ೩೫ ಮಂದಿ ಪ್ರತಿ ವರ್ಷವೂ ಒಮ್ಮೆಯಾದರೂ ಬೀಳುತ್ತಾರೆ; ೭೦ ದಾಟಿದವರಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೬,೮೪,೦೦೦ ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಪೆಟ್ಟುಗಳಿಂದಾಗುವ ಮರಣಗಳಲ್ಲಿ ರಸ್ತೆ ಅಪಘಾತಗಳನ್ನು ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೇ. ಹಾವಿಗೂ ಬೆಂಕಿಗೂ ಹೆದರುವ ನಾವು ಬಚ್ಚಲುಮನೆಯ ಒದ್ದೆ ನೆಲಕ್ಕೆ ಹೆದರುವುದಿಲ್ಲ.

ನಮ್ಮ ಊರಿನ ಒಂದು ಬೀದಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಂಗಳೂರಿನ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟನ್ನು ಅರಿಯದ ಶ್ರೋತೃಗಳು ವಿರಳ. ಬಟ್ಟೆ, ಒಡವೆ, ಪಾದರಕ್ಷೆ, ಬಳೆ, ಹೊಲಿಗೆ ಇವುಗಳಿಗಾಗಿ ಮೂರು ನಾಲ್ಕು ತಲೆಮಾರುಗಳಿಂದ ಅಲ್ಲಿಗೆ ಹೋಗುವ ಮನೆತನಗಳುಂಟು. ಆ ಬೀದಿಯ ಹಿಂದುಮುಂದಿನ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್, ಡಿಸ್ಪೆನ್ಸರಿ ರಸ್ತೆ, ಟಾಸ್ಕರ್ ಟೌನ್ ಇಲ್ಲೆಲ್ಲ ಮನೆಗಳುಂಟು, ಮನೆಗಳಲ್ಲಿ ಮುದುಕರೂ ಉಂಟು. ಆದರೆ ಬೀದಿಯ ಸಂದಣಿಯಲ್ಲಿ ಎಪ್ಪತ್ತು ದಾಟಿದವರು ಎಷ್ಟು ಮಂದಿ ಕಾಣುತ್ತಾರೆಂದು ಎಣಿಸಿ ನೋಡಿದರೆ ಒಂದು ಕೈಯ ಬೆರಳುಗಳೇ ಸಾಕಾಗಬಹುದು. ಉಳಿದವರೆಲ್ಲಿ? ಕೆಲವರಿಗೆ ಕಾಯಿಲೆ, ಕೆಲವರಿಗೆ ಮನಸ್ಸಿಲ್ಲ. ಅನೇಕರು ಮಾತ್ರ ಒಂದು ಸಲ ಬಿದ್ದವರು. ಬಿದ್ದ ಮೇಲೆ ಅವರನ್ನು ಮನೆಯವರು ಹೊರಗೆ ಬಿಡಲಿಲ್ಲ, ಅಥವಾ ಅವರೇ ಹೆದರಿ ಹೊರಡಲಿಲ್ಲ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮಲ್ಲಿದೆ. ಇದನ್ನು ಹಾಸ್ಯಕ್ಕೆ ಹೇಳುತ್ತೇವೆ. ಆದರೆ ವೃದ್ಧರಲ್ಲಿ ಇದು ನಿಜವಾದ ಅಪಾಯ. ಬಿದ್ದುದನ್ನು ಅವರು ಮುಚ್ಚಿಡುತ್ತಾರೆ. ಮಕ್ಕಳು ಗಾಬರಿಯಾಗುತ್ತಾರೆಂದೂ, ಬೈಯುತ್ತಾರೆಂದೂ, ಇನ್ನು ಮುಂದೆ ಒಬ್ಬರನ್ನೇ ದೇವಸ್ಥಾನಕ್ಕಾಗಲಿ ಮಸೀದಿಗಾಗಲಿ ಚರ್ಚಿಗಾಗಲಿ ಕಳುಹಿಸುವುದಿಲ್ಲವೆಂದೂ ಅವರಿಗೆ ಗೊತ್ತು. ಮೊಣಕೈ ನೀಲಿಗಟ್ಟಿದ್ದರೆ ಬಾಗಿಲು ತಗುಲಿತೆಂದು ಹೇಳುತ್ತಾರೆ. ಹೀಗೆ ಮೊದಲನೆಯ ಬೀಳುವಿಕೆ ಗುಟ್ಟಾಗಿ ಉಳಿಯುತ್ತದೆ. ಎರಡನೆಯದು ಸೊಂಟದ ಮೂಳೆಯನ್ನು ಮುರಿದಾಗ ಮಾತ್ರ ಮನೆಗೆ ತಿಳಿಯುತ್ತದೆ.

ಮೊದಲೇ ತಿಳಿದರೆ ಮನೆಯವರು ಏನು ಮಾಡುತ್ತಾರೆ? ಬಹಳ ಮಂದಿ ಮಾಡುವುದು ಒಂದೇ. “ಇನ್ನು ನೀವು ಏಳಬೇಡಿ, ಬೇಕಾದುದನ್ನು ನಾವೇ ತಂದುಕೊಡುತ್ತೇವೆ” ಎನ್ನುತ್ತಾರೆ. ನೀರು ಕೈಗೆ ಬರುತ್ತದೆ, ಊಟ ಮಂಚಕ್ಕೆ ಬರುತ್ತದೆ, ಪತ್ರಿಕೆ ಕುರ್ಚಿಗೆ ಬರುತ್ತದೆ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬೀಳಿಸಿದ ಕಾರಣ ಹಾಗೆಯೇ ಉಳಿಯಿತು, ಬೀಳದಂತೆ ಹಿಡಿದಿಡಬೇಕಾಗಿದ್ದ ಕಾಲಿನ ಬಲ ಮಾತ್ರ ಕರಗಿತು. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೋಧನೆಯಲ್ಲಿ ಆರೋಗ್ಯವಂತರಾದ ಕೆಲವು ವೃದ್ಧರನ್ನು ೧೦ ದಿನಗಳ ಕಾಲ ಹಾಸಿಗೆಯಲ್ಲಿಯೇ ಇರಿಸಿ ನೋಡಿದರು. ಅಷ್ಟರಲ್ಲಿಯೇ ಅವರ ಕಾಲುಗಳಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಮಾಂಸಖಂಡ ಕ್ಷೀಣಿಸಿತ್ತು. ರೋಗವಿಲ್ಲದವರ ಪಾಡೇ ಹೀಗಾದರೆ ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕುಳಿತ ದುರ್ಬಲರ ಪಾಡೇನು? ಕಾಲು ಸೋತಿತು, ಆದುದರಿಂದ ಭಯ ಹೆಚ್ಚಿತು, ಭಯ ಹೆಚ್ಚಿದುದರಿಂದ ನಡಿಗೆ ಕಡಿಮೆಯಾಯಿತು, ನಡಿಗೆ ಕಡಿಮೆಯಾದುದರಿಂದ ಕಾಲು ಮತ್ತಷ್ಟು ಸೋತಿತು. ಈ ಸುಳಿಗೆ ಸಿಕ್ಕಿದವರು ಕೊನೆಗೆ ಮಂಚದಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯಲ್ಲಿಯೇ ಬೀಳುತ್ತಾರೆ. ಹಿರಿಯರನ್ನು ಕೂರಿಸಿ ಕಾಪಾಡಲಾಗುವುದಿಲ್ಲ. ಅವರನ್ನು ಬಲಪಡಿಸಿ, ದಾರಿಯನ್ನು ಸರಿಪಡಿಸಿ, ನಡೆಸಿಯೇ ಕಾಪಾಡಬೇಕು.

ಇದಕ್ಕೆ ಮೊದಲ ಕೆಲಸ ಕಾರಣವನ್ನು ಹುಡುಕುವುದು. ಬೀಳುವುದು ಜ್ವರದಂತೆ ಒಂದು ಲಕ್ಷಣ. ಅದರ ಹಿಂದೆ ಬೇರೇನೋ ಇರುತ್ತದೆ. ಹಿರಿಯರು ಬಿದ್ದ ದಿನ ಗದರಿಸದೆ, ಸಮಾಧಾನವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಬೀಳುವ ಮುನ್ನ ಏನು ಮಾಡುತ್ತಿದ್ದಿರಿ? ತಲೆ ಸುತ್ತಿತೆ, ಕಣ್ಣು ಕತ್ತಲಿಟ್ಟಿತೆ, ಎದೆ ಬಡಿದುಕೊಂಡಿತೆ, ಇಲ್ಲವೆ ಕಾಲು ಎಡವಿತೆ? ಬಿದ್ದುದು ಪೂರ್ತಿಯಾಗಿ ನೆನಪಿದೆಯೆ? ಹಿಂದೆ ಎಂದಾದರೂ ಹೀಗಾಗಿತ್ತೆ? ವೈದ್ಯರಿಗೆ ಈ ಉತ್ತರಗಳು ಬಹಳ ಉಪಯುಕ್ತವಾಗುತ್ತವೆ. ಬಿದ್ದುದೇ ನೆನಪಿಲ್ಲವೆಂದರೆ ಪ್ರಜ್ಞೆ ತಪ್ಪಿರಬಹುದು. ಆಗ ಹೃದಯದ ಪರೀಕ್ಷೆಯನ್ನು ತಡಮಾಡದೆ ಮಾಡಿಸತಕ್ಕದ್ದು. ಬಾಯಿ ಒಂದು ಕಡೆಗೆ ವಾಲಿದ್ದರೆ, ಮಾತು ತೊದಲಿದರೆ, ಒಂದು ಕೈ ಕಾಲು ಸೋತಿದ್ದರೆ ಅದು ಪಾರ್ಶ್ವವಾಯು. ರಕ್ತದ ಗಡ್ಡೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾದುದರಿಂದ ಅಲ್ಲಿ ಒಂದೊಂದು ನಿಮಿಷವೂ ಅಮೂಲ್ಯ.

ಸಾಮಾನ್ಯ ಕಾರಣಗಳಲ್ಲಿ ಮೊದಲನೆಯದು ಎದ್ದು ನಿಂತಾಗ ರಕ್ತದ ಒತ್ತಡ ಇಳಿದುಹೋಗುವುದು. ಮಲಗಿದ್ದವರು ಥಟ್ಟನೆ ಎದ್ದರೆ ರಕ್ತವು ಕಾಲುಗಳ ಕಡೆಗೆ ಇಳಿಯುತ್ತದೆ. ತಾರುಣ್ಯದಲ್ಲಿ ರಕ್ತನಾಳಗಳು ಕೂಡಲೇ ಬಿಗಿದು ಅದನ್ನು ಸರಿದೂಗಿಸುತ್ತವೆ. ಮುಪ್ಪಿನಲ್ಲಿ ಈ ಕೆಲಸ ನಿಧಾನವಾಗುತ್ತದೆ. ಮಿದುಳಿಗೆ ಒಂದು ಕ್ಷಣ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಐದು ನಿಮಿಷ ಮಲಗಿಸಿ ಒತ್ತಡವನ್ನು ಅಳೆಯಬೇಕು. ಬಳಿಕ ನಿಲ್ಲಿಸಿ ಒಂದನೆಯ ನಿಮಿಷದಲ್ಲಿಯೂ ಮೂರನೆಯ ನಿಮಿಷದಲ್ಲಿಯೂ ಅಳೆಯಬೇಕು. ಮೇಲಿನ ಅಂಕಿ ೨೦ರಷ್ಟಾಗಲಿ ಕೆಳಗಿನದು ೧೦ರಷ್ಟಾಗಲಿ ಇಳಿದರೆ ವೈದ್ಯರಿಗೆ ತಿಳಿಸತಕ್ಕದ್ದು. ಕುಳಿತಿದ್ದಾಗ ಮಾತ್ರ ಅಳೆದರೆ ಇದು ಗೊತ್ತಾಗದು. ಇಂಥವರು ಏಳುವ ಮುನ್ನ ಮಂಚದ ಅಂಚಿನಲ್ಲಿ ಕುಳಿತು, ಹತ್ತಿಪ್ಪತ್ತು ಸಲ ಪಾದಗಳನ್ನು ಆಡಿಸಿ, ಬಳಿಕ ನಿಲ್ಲುವುದನ್ನು ಅಭ್ಯಾಸ ಮಾಡಬೇಕು.

ಎರಡನೆಯ ಕಾರಣ ಔಷಧಿಗಳೇ. ಒಬ್ಬ ವೈದ್ಯರು ರಕ್ತದೊತ್ತಡಕ್ಕೆ, ಇನ್ನೊಬ್ಬರು ನಿದ್ರೆಗೆ, ಮತ್ತೊಬ್ಬರು ಮೂತ್ರದ ತೊಂದರೆಗೆ ಮಾತ್ರೆ ಕೊಟ್ಟಿರುತ್ತಾರೆ. ನೆಗಡಿಗೆ ಅಂಗಡಿಯಿಂದ ತಂದದ್ದು ಬೇರೆ. ಒಂದೊಂದೂ ಸರಿಯಾದದ್ದೇ ಇರಬಹುದು. ನಾಲ್ಕೂ ಕೂಡಿದಾಗ ತೂಕಡಿಕೆಯೂ ತಲೆಸುತ್ತೂ ಬರುತ್ತವೆ. ನಿದ್ರೆಯ ಮಾತ್ರೆ ಬೆಳಗಿನವರೆಗೂ ಮೈಯಲ್ಲಿ ಉಳಿದು ಕಾಲನ್ನು ತಡವರಿಸುವಂತೆ ಮಾಡುವುದುಂಟು. ಆದುದರಿಂದ ಆರು ತಿಂಗಳಿಗೊಮ್ಮೆಯಾದರೂ ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಲೇಹ್ಯ, ಚೂರ್ಣಗಳನ್ನು ಒಂದೇ ಚೀಲದಲ್ಲಿ ತುಂಬಿಕೊಂಡು ಹೋಗಿ ಒಬ್ಬ ವೈದ್ಯರ ಮುಂದೆ ಸುರಿಯಬೇಕು. “ಹಿರಿಯರು ಬಿದ್ದಿದ್ದಾರೆ, ಇವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಕಡಿಮೆ ಮಾಡಬಹುದು?” ಎಂದು ಕೇಳಬೇಕು. ತಾವಾಗಿಯೇ ಯಾವುದನ್ನೂ ನಿಲ್ಲಿಸಕೂಡದು. ಬಹುಕಾಲ ಸೇವಿಸಿದ ನಿದ್ರೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೂ ಅಪಾಯವುಂಟು.

ಸಕ್ಕರೆ ಕಾಯಿಲೆಯವರಿಗೆ ಎರಡು ದಾರಿಯಿಂದ ಅಪಾಯ. ಬಹುಕಾಲದ ಕಾಯಿಲೆಯಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿ ನೆಲ ಎಲ್ಲಿದೆಯೆಂಬುದೇ ಕಾಲಿಗೆ ಸರಿಯಾಗಿ ತಿಳಿಯದೆ ಹೋಗುತ್ತದೆ. ಅಲ್ಲದೆ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಇಳಿದು ಬೆವರಿ, ನಡುಗಿ ಬೀಳುತ್ತಾರೆ. ಏಕಾದಶಿಯ ಉಪವಾಸವಿರಲಿ ರಂಜಾನಿನ ರೋಜಾ ಇರಲಿ, ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನೂ ಹೊತ್ತನ್ನೂ ಗೊತ್ತುಮಾಡಿಕೊಳ್ಳುವುದು ವಿಹಿತ.

ಕಣ್ಣಿನ ವಿಷಯದಲ್ಲಿ ಎರಡು ಮಾತು. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಹೋಗಬಾರದು. ಮೇಲೆ ದೂರಕ್ಕೂ ಕೆಳಗೆ ಓದುವುದಕ್ಕೂ ಇರುವ ಕನ್ನಡಕವನ್ನು ಹಾಕಿಕೊಂಡು ಮೆಟ್ಟಿಲಿಳಿಯುವವರಿಗೆ ಕೆಳಗಿನ ಮೆಟ್ಟಿಲು ಓದುವ ಗಾಜಿನ ಮೂಲಕ ಮಸುಕಾಗಿ ಕಾಣುತ್ತದೆ. ಹೊರಗೆ ಹೆಚ್ಚಾಗಿ ತಿರುಗಾಡುವವರು ದೂರದೃಷ್ಟಿಗೆ ಮಾತ್ರ ಬೇರೊಂದು ಕನ್ನಡಕವನ್ನು ಇಟ್ಟುಕೊಳ್ಳುವುದು ಮೇಲು.

ಎರಡನೆಯ ಕೆಲಸ ಮನೆಯನ್ನು ನೋಡುವುದು. ಇದಕ್ಕೆ ಹಣಕ್ಕಿಂತ ಕಣ್ಣು ಮುಖ್ಯ. ಹಿರಿಯರು ರಾತ್ರಿ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮನೆಯವರು ಒಮ್ಮೆ ದೀಪವಿಲ್ಲದೆ ನಡೆದು ನೋಡಲಿ. ಏನೇನು ಕಾಲಿಗೆ ತಗಲುತ್ತದೆಂಬುದು ತಿಳಿಯುತ್ತದೆ. ಮಡಿಸಿದ ಚಾಪೆಯ ಅಂಚು, ಜಾರುವ ಕಾಲೊರಸು, ಟೆಲಿವಿಷನ್ನಿನ ತಂತಿ, ಎತ್ತರದ ಹೊಸ್ತಿಲು, ಮಲಗಿದ ನಾಯಿ ಇವೆಲ್ಲವೂ ಅಲ್ಲಿರಬಹುದು. ಆ ದಾರಿಯನ್ನು ಬರಿದುಮಾಡಿ, ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುವಂತೆ ಮಾಡಬೇಕು. ವಿದ್ಯುತ್ತು ಹೋದಾಗ ಕೈಗೆ ಸಿಗುವಂತೆ ದಿಂಬಿನ ಬಳಿ ಟಾರ್ಚ್ ಇರಲಿ. ಹೊಸ್ತಿಲನ್ನು ತೆಗೆಯಲಾಗದಿದ್ದರೆ ಅದಕ್ಕೆ ಎದ್ದು ಕಾಣುವ ಬಣ್ಣ ಬಳಿಯಬಹುದು. ಹಳದಿ ಕುಂಕುಮ ಹಚ್ಚುವ ನಮ್ಮ ಸಂಪ್ರದಾಯ ಇಲ್ಲಿ ಕಣ್ಣಿಗೂ ಉಪಕಾರಿ.

ಬಚ್ಚಲುಮನೆಗೆ ವಿಶೇಷ ಗಮನ ಬೇಕು. ಅಲ್ಲಿ ಗೋಡೆಗೆ ಭದ್ರವಾದ ಹಿಡಿಕೆಗಳನ್ನು ಹಾಕಿಸಬೇಕು. ಟವೆಲು ತೂಗುಹಾಕುವ ಕಂಬಿ ಹಿಡಿಕೆಯಲ್ಲ. ಭಾರ ಬಿದ್ದರೆ ಅದು ಗೋಡೆಯಿಂದ ಕಿತ್ತು ಬರುತ್ತದೆ. ಸ್ನಾನವನ್ನು ಗಟ್ಟಿಯಾದ ಸ್ಟೂಲಿನ ಮೇಲೆ ಕುಳಿತು ಮಾಡಲಿ. ಎಣ್ಣೆಸ್ನಾನದ ದಿನ ಅಪಾಯ ಇಮ್ಮಡಿ: ಅಂಗಾಲಿನಲ್ಲಿ ಎಣ್ಣೆ, ನೆಲದಲ್ಲಿ ಸೀಗೆಯ ನೊರೆ, ಬಿಸಿನೀರಿನಿಂದ ಇಳಿದ ರಕ್ತದೊತ್ತಡ. ಎಣ್ಣೆಸ್ನಾನ ಬೇಕೆನ್ನುವವರು ಅಂಗಾಲಿಗೆ ಎಣ್ಣೆ ಹಚ್ಚಬಾರದು, ನೀರು ಹದವಾಗಿರಲಿ, ಮುಗಿದ ಮೇಲೆ ಒಂದೆರಡು ನಿಮಿಷ ಕುಳಿತಿದ್ದು ಏಳಲಿ. ನೆಲದ ಮಟ್ಟದ ಕಕ್ಕಸಿನಿಂದ ಏಳುವುದು ಕಷ್ಟವಾಗಿದ್ದರೆ ಎತ್ತರದ ಕಮೋಡು ಅವಶ್ಯ. ಒಳಗಿನಿಂದ ಅಗುಳಿ ಹಾಕುವುದನ್ನು ಬಿಡಿಸಿ, ಹೊರಗಿನಿಂದಲೂ ತೆರೆಯಬಹುದಾದ ಚಿಲಕವನ್ನು ಹಾಕಿಸಬೇಕು. ಒಳಗೆ ಬಿದ್ದವರನ್ನು ತಲುಪಲು ಬಾಗಿಲು ಮುರಿಯುವ ಸ್ಥಿತಿ ಬರಬಾರದು. ಅಟ್ಟದಿಂದ ಪಾತ್ರೆ ಇಳಿಸಲು ಸ್ಟೂಲು ಹತ್ತುವ ಸಾಹಸವನ್ನು ತಡೆಯಬೇಕಾದರೆ, ದಿನಬಳಕೆಯ ವಸ್ತುಗಳೆಲ್ಲ ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿರುವಂತೆ ಇಡಬೇಕು.

ಮೂರನೆಯ ಕೆಲಸ ಬಲವನ್ನು ಬೆಳೆಸುವುದು. ಹಿರಿಯರ ಕಾಲಿನ ಸ್ಥಿತಿಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೈಗಳುಳ್ಳ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ೩ ಮೀಟರು, ಎಂದರೆ ಸುಮಾರು ೧೦ ಅಡಿ, ದೂರದಲ್ಲಿ ಗುರುತು ಹಾಕಿ. ಎದ್ದು, ಎಂದಿನ ನಡಿಗೆಯಲ್ಲಿ ಗುರುತಿನವರೆಗೆ ಹೋಗಿ, ತಿರುಗಿ ಬಂದು ಕುಳಿತುಕೊಳ್ಳಲಿ. ಇದಕ್ಕೆ ೧೨ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆಯೆಂದು ಎಣಿಸಬೇಕು. ಇನ್ನೊಂದು ಪರೀಕ್ಷೆ ನಿಲ್ಲುವುದು: ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸಿ, ಒಂದೇ ಗೆರೆಯಲ್ಲಿ ೧೦ ಸೆಕೆಂಡು ನಿಲ್ಲಲಾಗದಿದ್ದರೆ ಸಮತೋಲ ಕುಂದಿದೆ ಎಂದರ್ಥ. ಪರೀಕ್ಷೆಯ ಹೊತ್ತಿನಲ್ಲಿ ಒಬ್ಬರು ಪಕ್ಕದಲ್ಲಿಯೇ ಇರತಕ್ಕದ್ದು.

ಫಲ ಸರಿಯಿಲ್ಲವೆಂದು ನಿರಾಶರಾಗಬೇಕಾದುದಿಲ್ಲ. ೨೦೧೯ರಲ್ಲಿ ಕಾಕ್ರೇನ್ ಸಂಸ್ಥೆಯವರು ೧೦೮ ಪರಿಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ೨೩,೦೦೦ಕ್ಕೂ ಹೆಚ್ಚು ಮಂದಿ ವೃದ್ಧರು ಭಾಗವಹಿಸಿದ್ದರು. ವ್ಯಾಯಾಮದಿಂದ ಬೀಳುವುದು ನೂರಕ್ಕೆ ೨೩ರಷ್ಟು ಕಡಿಮೆಯಾಯಿತೆಂದು ಕಂಡುಬಂದಿತು. ಸಮತೋಲದ ಅಭ್ಯಾಸವನ್ನೂ ಕಾಲಿನ ಬಲದ ಅಭ್ಯಾಸವನ್ನೂ ಕೂಡಿಸಿದಾಗ ಲಾಭ ಇನ್ನೂ ಹೆಚ್ಚು. ಬರಿಯ ನಡಿಗೆ ಒಳ್ಳೆಯದೇ, ಆದರೆ ಇದಕ್ಕೆ ಅದೊಂದೇ ಸಾಲದು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ಮನೆಯಲ್ಲಿಯೇ ಮಾಡುವಂಥ ಒಂದು ಕ್ರಮವನ್ನು ಏರ್ಪಡಿಸಿದ್ದಾರೆ. ಅದರ ತಿರುಳು ಸರಳ. ವಾರಕ್ಕೆ ಮೂರು ದಿನ ಅಭ್ಯಾಸ, ಎರಡು ದಿನವಾದರೂ ನಡಿಗೆ. ಅಡಿಗೆಮನೆಯ ಕಟ್ಟೆಯನ್ನು ಹಿಡಿದು ನಿಂತು ಹಿಮ್ಮಡಿಗಳನ್ನು ಎತ್ತಿ ಇಳಿಸುವುದು. ಒಂದೊಂದು ಕಾಲನ್ನೂ ಪಕ್ಕಕ್ಕೆ ಎತ್ತುವುದು. ಕುರ್ಚಿಯಿಂದ ಸಾಧ್ಯವಾದಷ್ಟು ಕೈಯೂರದೆ ಎದ್ದು ನಿಧಾನವಾಗಿ ಕುಳಿತುಕೊಳ್ಳುವುದು. ಹಿಮ್ಮಡಿಗೆ ಬೆರಳು ತಾಗಿಸುತ್ತ ಒಂದು ಗೆರೆಯ ಮೇಲೆ ನಡೆಯುವುದು. ಮೊದಲು ಐದು ಸಲ, ಬಳಿಕ ಹತ್ತು ಸಲ. ಮೊದಲು ಎರಡು ಕೈಯ ಆಸರೆ, ಬಳಿಕ ಒಂದು ಬೆರಳಿನ ಆಸರೆ. ಹೀಗೆ ಸ್ವಲ್ಪಸ್ವಲ್ಪವಾಗಿ ಕಷ್ಟವನ್ನು ಹೆಚ್ಚಿಸುತ್ತ ಹೋಗದಿದ್ದರೆ ಪ್ರಯೋಜನ ಕಡಿಮೆ. ಫಲ ಕಾಣಲು ತಿಂಗಳುಗಳು ಬೇಕು, ಬಿಟ್ಟರೆ ಬಂದ ಬಲ ಹೋಗುತ್ತದೆ. ಎದೆನೋವು, ಏದುಸಿರು, ಈಚೆಗೆ ಮೂಳೆ ಮುರಿದುದು ಇವು ಇದ್ದವರು ವೈದ್ಯರನ್ನೋ ಅಂಗಮರ್ದನ ವ್ಯಾಯಾಮಗಳನ್ನು ಬಲ್ಲ ಫಿಸಿಯೋಥೆರಪಿಸ್ಟರನ್ನೋ ಕೇಳಿ ಆರಂಭಿಸಲಿ.

ಬಲಕ್ಕೆ ಆಹಾರವೂ ಬೇಕು. ಮುದುಕರಿಗೆ ಒಂದಿಷ್ಟು ಗಂಜಿ ಸಾಕೆಂಬುದು ಸರಿಯಲ್ಲ. ದೇಹತೂಕದ ಒಂದೊಂದು ಕಿಲೋಗ್ರಾಮಿಗೆ ದಿನಕ್ಕೆ ಒಂದು ಗ್ರಾಮಿನಷ್ಟಾದರೂ ಪ್ರೋಟೀನು ಅವರಿಗೆ ಅವಶ್ಯ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು. ಬೇಳೆ, ಕಾಳು, ಮೊಸರು, ಹಾಲು, ಮೊಟ್ಟೆ, ಮೀನು ಇವುಗಳಲ್ಲಿ ತಮಗೆ ಸಲ್ಲುವುದನ್ನು ಹೊತ್ತುಹೊತ್ತಿಗೂ ಹಂಚಿ ಕೊಡಬೇಕು. ಮೂಳೆಗೆ ಬೇಕಾದ ಸುಣ್ಣದ ಅಂಶದಲ್ಲಿ ನಮ್ಮ ರಾಗಿ ಶ್ರೇಷ್ಠ. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮೀರಿ ಅದು ಉಂಟು. ನಿಂತ ನೆಲದಲ್ಲಿಯೇ ಬಿದ್ದು ಮಣಿಕಟ್ಟಿನ ಮೂಳೆ ಮುರಿದರೆ ಪೆಟ್ಟು ಜೋರಾಗಿತ್ತೆಂದು ಸುಮ್ಮನಾಗಬಾರದು. ಮೂಳೆ ಟೊಳ್ಳಾಗಿದೆಯೆಂಬುದರ ಸೂಚನೆಯದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ಮೂಳೆಯ ಸಾಂದ್ರತೆಯನ್ನು ಅಳೆಯುವ ಪರೀಕ್ಷೆಯೂ ಅದನ್ನು ಬಲಪಡಿಸುವ ಔಷಧಗಳೂ ಈಗ ಲಭ್ಯವಿವೆ.

ಇಷ್ಟಾದ ಮೇಲೆ ಹೊರಗೆ ಹೊರಡುವ ಮಾತು. ಮೊದಲು ಹೇಳಿದ ಕಮರ್ಷಿಯಲ್ ಸ್ಟ್ರೀಟನ್ನೇ ಒಂದು ಗುರಿಯಾಗಿ ಇಟ್ಟುಕೊಳ್ಳಬಹುದು. ೨೦೨೦-೨೧ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಆ ಬೀದಿಗೆ ಕಲ್ಲುಹಾಸು ಬಂದಿತು. ಕಲ್ಲುಹಾಸು ನೋಡಲು ಚೆಂದ; ಆದರೆ ಎಲ್ಲಿಯೇ ಆಗಲಿ ಕಲ್ಲುಗಳ ನಡುವಣ ಸಂದಿಗೆ ಊರುಗೋಲಿನ ತುದಿ ಸಿಕ್ಕಿಕೊಳ್ಳಬಹುದು, ಮಳೆಯಲ್ಲಿ ಕಲ್ಲಿನ ಮೈ ಜಾರಬಹುದು. ಅಂಗಡಿಗಳ ಮುಂದೆ ಒಂದೊಂದು ಎತ್ತರದ ಮೆಟ್ಟಿಲು, ನಿಲ್ಲಿಸಿದ ಸ್ಕೂಟರುಗಳು, ಹಿಂದಿನಿಂದ ಬರುವ ಆಟೋಗಳು ಇವೆಲ್ಲ ಅಲ್ಲಿ ಕಣ್ಣಿಗೂ ಕಾಲಿಗೂ ಏಕಕಾಲದಲ್ಲಿ ಪರೀಕ್ಷೆಗಳು. ಆದುದರಿಂದ ಹಬ್ಬದ ಮುನ್ನಾದಿನಗಳನ್ನೂ, ರಂಜಾನಿನ ರಾತ್ರಿಗಳನ್ನೂ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ ೮ರಂದು ಮುಗಿಯುವ ಉತ್ಸವದ ದಿನಗಳನ್ನೂ, ಭಾನುವಾರದ ಸಂಜೆಯನ್ನೂ ಬಿಟ್ಟು, ವಾರದ ನಡುವೆ ಅಂಗಡಿಗಳು ಬಾಗಿಲು ತೆರೆದ ಹೊತ್ತಿನಲ್ಲಿ ಹೋಗುವುದು ಲೇಸು.

ಪಾದರಕ್ಷೆ ಮೊದಲು. ಹಿಮ್ಮಡಿಯನ್ನು ಹಿಡಿದುಕೊಳ್ಳದ ಹವಾಯಿ ಚಪ್ಪಲಿ ವೃದ್ಧರಿಗೆ ಸಲ್ಲದು. ಹಿಂಬದಿ ಮುಚ್ಚಿದ, ತಗ್ಗು ಹಿಮ್ಮಡಿಯ, ಜಾರದ ಅಟ್ಟೆಯ ಪಾದರಕ್ಷೆಯನ್ನು ಕೊಳ್ಳಬೇಕು. ದಿನ ಕಳೆದಂತೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಅಳತೆಯನ್ನು ಮಧ್ಯಾಹ್ನದ ಮೇಲೆ ನೋಡುವುದು ಒಳ್ಳೆಯದು. ಸೀರೆಯ ನಿರಿಗೆ, ಪಂಚೆಯ ಅಂಚು ನೆಲಕ್ಕೆ ತಾಗದೆ ಹರಡಿನ ಮೇಲೆಯೇ ನಿಲ್ಲಲಿ. ಊರುಗೋಲು ಹಿಡಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯಷ್ಟು ಎತ್ತರ ಅದಕ್ಕಿರಬೇಕು. ನೋವುಳ್ಳ ಕಾಲಿನ ಎದುರು ಬದಿಯ ಕೈಯಲ್ಲಿ ಅದನ್ನು ಹಿಡಿಯಬೇಕು. ತುದಿಯ ರಬ್ಬರು ಸವೆದೊಡನೆ ಬದಲಾಯಿಸಬೇಕು. ಕೊಂಡ ಸಾಮಾನನ್ನು ಎರಡೂ ಕೈಗಳಲ್ಲಿ ಹಿಡಿದರೆ ಆಧಾರ ಹಿಡಿಯಲು ಕೈ ಉಳಿಯದು. ಹೊರೆ ಜೊತೆಗಾರರ ಕೈಯಲ್ಲಿರಲಿ.

ಜೊತೆಗಾರರಿಗೂ ಒಂದು ಮಾತು. ಹಿರಿಯರ ಕೈಯನ್ನು ಹಿಡಿದು ಮುಂದಕ್ಕೆ ಎಳೆಯಬಾರದು. ಅವರ ದುರ್ಬಲವಾದ ಬದಿಯಲ್ಲಿ ಅರ್ಧ ಹೆಜ್ಜೆ ಹಿಂದೆ ನಡೆದು, ಬೇಕಾದಾಗ ತಮ್ಮ ತೋಳನ್ನು ಅವರು ಹಿಡಿಯುವಂತೆ ಚಾಚಬೇಕು. ೧೯೯೭ರಲ್ಲಿ ಸ್ವೀಡನ್ನಿನ ಪರಿಶೋಧಕರು ಒಂದು ಸೂಕ್ಷ್ಮವನ್ನು ಗಮನಿಸಿ ಪ್ರಕಟಿಸಿದರು. ನಡೆಯುವಾಗ ಮಾತನಾಡಿಸಿದರೆ ಉತ್ತರ ಹೇಳುವುದಕ್ಕಾಗಿ ನಿಂತುಬಿಡುವ ವೃದ್ಧರೇ ಮುಂದೆ ಹೆಚ್ಚಾಗಿ ಬಿದ್ದರು. ಅವರ ನಡಿಗೆಗೆ ಮನಸ್ಸಿನ ಗಮನವೆಲ್ಲ ಬೇಕಾಗಿರುತ್ತದೆ, ಮಾತಿಗೆ ಉಳಿಯುವುದಿಲ್ಲ. ಆದುದರಿಂದ ರಸ್ತೆ ದಾಟುವಾಗ, ಮೆಟ್ಟಿಲು ಹತ್ತುವಾಗ ಅವರನ್ನು ಮಾತನಾಡಿಸಕೂಡದು. ಅಂಗಡಿಯಲ್ಲಿ ಕುಳಿತ ಮೇಲೆ ಮಾತಿಗೆ ಬೇಕಾದಷ್ಟು ಹೊತ್ತುಂಟು. ಮೊದಲ ದಿನ ನಾಲ್ಕು ಅಂಗಡಿಯ ದೂರ, ಮುಂದಿನ ವಾರ ಎಂಟು ಅಂಗಡಿಯ ದೂರ ಎಂದು ಬೆಳೆಸುತ್ತ ಹೋದರೆ ಕಾಮರಾಜ ರಸ್ತೆಯ ಕಡೆಯಿಂದ ಹೊರಟವರು ಒಂದು ದಿನ ಬೀದಿಯ ಇನ್ನೊಂದು ತುದಿಯನ್ನು ಮುಟ್ಟಿಯಾರು.

ಇಷ್ಟೆಲ್ಲ ಮಾಡಿಯೂ ಬಿದ್ದರೇನು ಮಾಡಬೇಕೆಂಬುದನ್ನೂ ತಿಳಿದಿರಬೇಕು. ಮೊದಲು ಯಾರೂ ಓಡಿಬಂದು ರಟ್ಟೆ ಹಿಡಿದು ಎಬ್ಬಿಸಬಾರದು. ಒಂದು ನಿಮಿಷ ಹಾಗೆಯೇ ಬಿಟ್ಟು, ಎಲ್ಲಿ ನೋವೆಂದು ಕೇಳಬೇಕು. ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಬಳಿಯ ಮೂಳೆ ಮುರಿದಿರಬೇಕು. ಆಗ ಕದಲಿಸದೆ, ಹೊದಿಕೆ ಹೊದಿಸಿ, ೧೦೮ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸಬೇಕು. ಎಣ್ಣೆ ನೀವುವುದಾಗಲಿ ನಾಟಿ ಕಟ್ಟು ಕಟ್ಟಿಸುವುದಾಗಲಿ ಈ ಮುರಿತಕ್ಕೆ ತಕ್ಕ ಚಿಕಿತ್ಸೆಯಲ್ಲ. ಅದರಲ್ಲಿ ಕಳೆಯುವ ದಿನಗಳು ಪ್ರಾಣಕ್ಕೇ ಎರವಾಗಬಹುದು. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ, ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುವುದು ಈಗಿನ ಕ್ರಮ. ಕೆಲವು ವೇಳೆ ಮೂಳೆ ಬಿರುಕು ಬಿಟ್ಟಿದ್ದರೂ ಕುಂಟುತ್ತ ನಡೆಯುವುದುಂಟು. ನೋವು ಉಳಿದರೆ ಎಕ್ಸ್-ರೇ ತೆಗೆಸಲೇಬೇಕು. ಕಮರ್ಷಿಯಲ್ ಸ್ಟ್ರೀಟಿನ ಸುತ್ತಲಿನವರಿಗೆ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ನಗರದಲ್ಲಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯೂ ಇಂಥ ಕೆಲಸಕ್ಕಾಗಿಯೇ ಇರುವ ಸರ್ಕಾರಿ ಸಂಸ್ಥೆ.

ತಲೆಗೆ ಪೆಟ್ಟಾಗಿದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ, ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗತಕ್ಕದ್ದು. ತಲೆಬುರುಡೆಯೊಳಗೆ ರಕ್ತವು ನಿಧಾನವಾಗಿ ಒಸರಿ, ಎರಡು ಮೂರು ವಾರಗಳ ಬಳಿಕವೂ ತಲೆನೋವು, ವಾಂತಿ, ಮಂಕು, ಒಂದು ಬದಿಯ ನಿಶ್ಶಕ್ತಿ ಕಾಣಿಸಿಕೊಳ್ಳಬಹುದು. ಆ ವೇಳೆಗೆ ಬಿದ್ದ ಸಂಗತಿಯನ್ನು ಮನೆಯವರು ಮರೆತಿರುತ್ತಾರೆ. ವಯಸ್ಸಾಯಿತು, ಅರುಳುಮರುಳೆಂದು ಭಾವಿಸುತ್ತಾರೆ. ಬಿದ್ದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಇದಕ್ಕಾಗಿಯೇ.

ಪೆಟ್ಟೇನೂ ಆಗಿಲ್ಲವೆಂದು ಖಚಿತವಾದರೆ ಅವರು ತಾವಾಗಿಯೇ ಏಳುವ ಕ್ರಮವುಂಟು. ಪಕ್ಕಕ್ಕೆ ಹೊರಳಿ, ಕೈಯೂರಿ, ಮಂಡಿ ಮತ್ತು ಕೈಗಳ ಮೇಲೆ ನಿಂತು, ಗಟ್ಟಿಯಾದ ಕುರ್ಚಿಯ ಬಳಿಗೆ ಅಂಬೆಗಾಲಿಡಬೇಕು. ಕುರ್ಚಿಯ ಮೇಲೆ ಎರಡೂ ಕೈಯೂರಿ, ಬಲವಾದ ಕಾಲಿನ ಪಾದವನ್ನು ಮುಂದೆ ನೆಲಕ್ಕೆ ಒತ್ತಿ, ಮೇಲೆದ್ದು, ತಿರುಗಿ ಕುಳಿತುಕೊಳ್ಳಬೇಕು. ಇದನ್ನು ಬೀಳದಿರುವಾಗಲೇ ಮನೆಯವರ ಸಹಾಯದಿಂದ ಚಾಪೆಯ ಮೇಲೆ ಕಲಿಯುವುದು ಜಾಣತನ. ಏಳಲು ಬರುವುದಿಲ್ಲವೆಂಬುದೇ ಬೀಳುವ ಭಯದಲ್ಲಿ ಅರ್ಧಪಾಲು. ಒಬ್ಬರೇ ಮನೆಯಲ್ಲಿರುವವರು ಮೊಬೈಲ್ ಫೋನನ್ನು ಮೇಜಿನ ಮೇಲೆ ಬಿಡದೆ ಜೇಬಿನಲ್ಲಿಯೋ ಕೊರಳಿನ ಚೀಲದಲ್ಲಿಯೋ ಇಟ್ಟುಕೊಂಡಿರಲಿ.

ಕೊನೆಯದಾಗಿ, ಮನೆಯ ಕಿರಿಯರಲ್ಲಿ ನಮ್ಮ ಬಿನ್ನಹ ಇಷ್ಟು. ಹಿರಿಯರು ಬಿದ್ದೆನೆಂದು ಹೇಳಿದರೆ ಅದು ಅವರು ನಿಮ್ಮ ಮೇಲಿಟ್ಟ ವಿಶ್ವಾಸ. ಆ ಕ್ಷಣದಲ್ಲಿ “ಇನ್ನು ಹೊರಗೆ ಹೋಗಬೇಡಿ” ಎಂದರೆ ಮುಂದಿನ ಸಲ ಅವರು ಹೇಳುವುದಿಲ್ಲ. “ನಾಳೆ ವೈದ್ಯರಲ್ಲಿಗೆ ಹೋಗೋಣ, ಕಾರಣವನ್ನು ತಿಳಿಯೋಣ, ಆಮೇಲೆ ಮತ್ತೆ ಜೊತೆಯಾಗಿ ನಡೆಯೋಣ” ಎಂದರೆ ಮುಂದೆಯೂ ಹೇಳುತ್ತಾರೆ. ಚಿಕ್ಕಂದಿನಲ್ಲಿ ನಾವು ಬಿದ್ದಾಗ ನಮ್ಮನ್ನು ತೊಟ್ಟಿಲಿನಲ್ಲಿಯೇ ಕೂಡಿಹಾಕಿದ್ದರೆ ನಾವು ಯಾರೂ ನಡೆಯಲು ಕಲಿಯುತ್ತಿರಲಿಲ್ಲ. ಎತ್ತಿ, ಮಂಡಿಯ ಮಣ್ಣನ್ನು ಒರಸಿ, ಮತ್ತೆ ನಿಲ್ಲಿಸಿದವರು ಅವರು. ಅಷ್ಟನ್ನೇ ಅವರಿಗೆ ಹಿಂದಿರುಗಿಸುವುದು ನಮ್ಮ ಪಾಲಿನ ಕರ್ತವ್ಯ.